ಪರದೇಶದ ದವಾಖಾನೆ, ಕಲಿಯುವ ಕೈಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಎರಡನ್ನೂ ಒಂದೇ ಕಾಲಕ್ಕೆ ಮಾಡಿಸುವ ವಿದ್ಯೆಗಳು ಬಹಳ ಇಲ್ಲ. ಅಂಥ ವಿರಳ ವಿದ್ಯೆಗಳಲ್ಲಿ ಶುಶ್ರೂಷೆಯೂ ಒಂದು. ಇಂದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ನರ್ಸಿಂಗ್ ಓದುತ್ತಿರುವ ಅನೇಕ ತರುಣ ತರುಣಿಯರು ವ್ಯಾಸಂಗದ ನಡುವೆ ಕೆಲವು ವಾರಗಳನ್ನು ಪರದೇಶದ ಗ್ರಾಮೀಣ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿ ಕಳೆಯುತ್ತಾರೆ. ಅವರ ಪಾಲಿನ ಪರದೇಶವು ಅನೇಕ ವೇಳೆ ನಮ್ಮ ದೇಶವೇ ಆಗಿರುತ್ತದೆ. ಅವರು ಕಾಣಬಯಸುವ ಗ್ರಾಮೀಣ ಆಸ್ಪತ್ರೆಯೆಂದರೆ ನಮ್ಮ ತಾಯಂದಿರು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಸರದಿಯಲ್ಲಿ ಕುಳಿತುಕೊಳ್ಳುವಂಥ ದವಾಖಾನೆ.

ಈ ವಿಷಯ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಕುಟುಂಬಗಳಿಗೆ ಏಕೆ ಬೇಕು ಎಂದು ವಾಚಕರು ಕೇಳಬಹುದು. ಬೇಕು ಎನ್ನಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ನಮ್ಮ ಹೆಣ್ಣುಮಕ್ಕಳು ಈಗ ಬೀದರ, ಕಲಬುರಗಿ, ಹೈದರಾಬಾದುಗಳ ನರ್ಸಿಂಗ್ ಶಾಲೆಗಳನ್ನು ಸೇರುತ್ತಿದ್ದಾರೆ. ಪರದೇಶದಲ್ಲಿ ಸೇವೆ ಮಾಡಿ ಬನ್ನಿ ಎಂಬ ಕರೆ ಅವರಿಗೂ ಬರುತ್ತಿದೆ. ಎರಡನೆಯದಾಗಿ, ಗಡಿಯಲ್ಲಿ ವಾಸಿಸುವ ನಮಗೆ ಪರಭಾಷೆಯ ಆಸ್ಪತ್ರೆ ಎಂಬುದು ವಿಮಾನ ಹತ್ತಿ ಹೋಗಿ ನೋಡಬೇಕಾದ ಸಂಗತಿಯಲ್ಲ. ಬಸ್ಸಿನಲ್ಲಿ ಅರ್ಧ ಗಂಟೆ ಪ್ರಯಾಣ ಮಾಡಿದರೆ ಸಾಕು. ಆದ್ದರಿಂದ ಪರಸ್ಥಳದ ರೋಗಿಯ ಮಂಚದ ಬಳಿ ನಿಂತ ಕಲಿಯುವ ಕೈ ಏನನ್ನು ಕೊಡಬಲ್ಲದು, ಏನನ್ನು ಪಡೆಯುತ್ತದೆ ಎಂಬ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೂ ಹೌದು.

ಹಿಂದಿನವರು ನಡೆದ ದಾರಿ

ಆಧುನಿಕ ಶುಶ್ರೂಷೆಯ ಚರಿತ್ರೆ ಆರಂಭವಾದದ್ದೇ ಪರದೇಶದ ಆಸ್ಪತ್ರೆಯೊಂದರಲ್ಲಿ. 1854ರ ನವೆಂಬರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲರು 38 ಮಂದಿ ಶುಶ್ರೂಷಕಿಯರೊಡನೆ ಇಂಗ್ಲೆಂಡಿನಿಂದ ತುರ್ಕಿಯ ಸ್ಕುಟಾರಿಗೆ ಹೋಗಿ, ಗಾಯಾಳು ಸೈನಿಕರ ಆರೈಕೆಗೆ ನಿಂತರು. ಅವರ ದೀಪದ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಬಂದಿದೆ. ಆದರೆ ಅವರು ಊರಿಗೆ ಮರಳಿದ ಮೇಲೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಕಿಯರ ತರಬೇತಿ ಶಾಲೆಯನ್ನು ತೆರೆದರೆಂಬುದು ದೀಪಕ್ಕಿಂತ ದೊಡ್ಡ ಸಂಗತಿ. ಒಬ್ಬಳ ಸೇವೆ ಒಬ್ಬಳೊಂದಿಗೇ ಮುಗಿಯುತ್ತದೆ, ಶಾಲೆ ಉಳಿಯುತ್ತದೆ.

ನಮ್ಮ ದಕ್ಷಿಣದಲ್ಲಿಯೂ ಇದೇ ಪಾಠ ಕಾಣಸಿಗುತ್ತದೆ. ಅಮೆರಿಕದ ಮಿಷನರಿ ಕುಟುಂಬದಲ್ಲಿ 1870ರಲ್ಲಿ ರಾಣಿಪೇಟೆಯಲ್ಲಿ ಜನಿಸಿದ ಇಡಾ ಸ್ಕಡರ್ ಅವರು ತರುಣಿಯಾಗಿದ್ದಾಗ ಒಂದೇ ರಾತ್ರಿ ಮೂರು ಮನೆಗಳಿಂದ ಹೆರಿಗೆಯ ಸಹಾಯಕ್ಕಾಗಿ ಕರೆ ಬಂದಿತು. ಗಂಡಸು ವೈದ್ಯರು ಮುಟ್ಟಬಾರದೆಂದು ಆ ಮನೆಗಳವರು ಹಟ ಹಿಡಿದುದರಿಂದ ಮೂವರು ಹೆಣ್ಣುಮಕ್ಕಳೂ ತೀರಿಕೊಂಡರು. ಇಡಾ ವೈದ್ಯವಿದ್ಯೆ ಕಲಿತು ಬಂದು 1900ರಲ್ಲಿ ವೇಲೂರಿನಲ್ಲಿ ಒಂದೇ ಮಂಚದ ಚಿಕಿತ್ಸಾಲಯವನ್ನು ಆರಂಭಿಸಿದರು. ಆದರೆ ಒಬ್ಬ ವೈದ್ಯೆ ಎಷ್ಟು ಊರುಗಳಿಗೆ ಸಾಕಾದಾಳು? ಅದನ್ನು ಅರಿತೇ ಅವರು 1909ರಲ್ಲಿ ಶುಶ್ರೂಷಕಿಯರ ಶಾಲೆಯನ್ನೂ 1918ರಲ್ಲಿ ಮಹಿಳೆಯರ ವೈದ್ಯಕೀಯ ಶಾಲೆಯನ್ನೂ ತೆರೆದರು. 1946ರಲ್ಲಿ ಅದೇ ಸಂಸ್ಥೆಯಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. ಇಂದು ಹೊರದೇಶದ ವಿದ್ಯಾರ್ಥಿಗಳು ಕಲಿಯುವುದಕ್ಕಾಗಿ ಅದೇ ವೇಲೂರಿಗೆ ಬರುತ್ತಾರೆ. ಒಂದು ಶತಮಾನದ ಹಿಂದೆ ಕಲಿಸಲು ಬಂದವರ ಊರಿನಿಂದ ಇಂದು ಕಲಿಯಲು ಬರುತ್ತಿದ್ದಾರೆಂಬುದು ಸಣ್ಣ ಮಾತಲ್ಲ.

ನಾರಾಯಣಖೇಡದಿಂದ ಉತ್ತರಕ್ಕೆ ನಿಜಾಮಾಬಾದಿನ ದಾರಿಯಲ್ಲಿರುವ ಡಿಚ್‌ಪಲ್ಲಿಯ ಹೆಸರನ್ನು ನಮ್ಮ ಹಿರಿಯರು ಬಲ್ಲರು. ಸ್ಕಾಟ್ಲೆಂಡಿನ ವೈದ್ಯೆ ಇಸಾಬೆಲ್ ಕೆರ್ ಮತ್ತು ಅವರ ಪತಿ ಜಾರ್ಜ್ ಕೆರ್ 1907ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಬಂದರು. ಕುಷ್ಠರೋಗಿಗಳನ್ನು ಊರ ಹೊರಗೆ ಇಡುತ್ತಿದ್ದ ಕಾಲವದು. ಸ್ಥಳೀಯ ದಾನಿ ರಾಜಾ ನರ್ಸಾ ಗೌಡರ ನೆರವಿನಿಂದ 1915ರಲ್ಲಿ ಡಿಚ್‌ಪಲ್ಲಿಯ ಕುಷ್ಠರೋಗ ಆಸ್ಪತ್ರೆ ತೆರೆಯಿತು. ಹಿಡ್ನೋಕಾರ್ಪಸ್ ಎಂಬ ಮರದ ಬೀಜದ ಎಣ್ಣೆಯನ್ನು ಚುಚ್ಚುಮದ್ದಾಗಿ ಕೊಡುವ ಅಂದಿನ ಹೊಸ ಚಿಕಿತ್ಸೆಗೆ ಆ ಆಸ್ಪತ್ರೆ ಹೆಸರಾಯಿತು. ಇಸಾಬೆಲ್ ಕೆರ್ 1932ರಲ್ಲಿ ತೀರಿಕೊಳ್ಳುವವರೆಗೆ, ಇಪ್ಪತ್ತನಾಲ್ಕು ವರ್ಷಗಳಿಗೂ ಮಿಕ್ಕಿ ಈ ಕೆಲಸಕ್ಕೆ ತಮ್ಮನ್ನು ತೆತ್ತುಕೊಂಡರು. ಕೆಲವು ವಾರಗಳ ಸೇವೆಗೂ ಜೀವಮಾನದ ಸೇವೆಗೂ ಇರುವ ಅಂತರವನ್ನು ಅಳೆಯಲು ಇದೊಂದು ಅಳತೆಗೋಲು.

ನಮ್ಮವರು ಹೊರಗೆ ಹೋಗಿ ಸೇವೆ ಮಾಡಿದ ಉದಾಹರಣೆಯೂ ಉಂಟು. ಅದೂ ನಮ್ಮ ನೆರೆಯ ಗಡಿನಗರದಿಂದ. ಮರಾಠಿ, ಕನ್ನಡ, ತೆಲುಗು ಮೂರೂ ಕೇಳಿಬರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸರು ಮುಂಬಯಿಯಲ್ಲಿ ವೈದ್ಯಶಿಕ್ಷಣ ಪಡೆದು ಉನ್ನತ ವ್ಯಾಸಂಗಕ್ಕೆ ಸಿದ್ಧರಾಗುತ್ತಿದ್ದರು. 1938ರಲ್ಲಿ ಜಪಾನಿನ ಆಕ್ರಮಣಕ್ಕೆ ತುತ್ತಾದ ಚೀನಕ್ಕೆ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಕಳುಹಿದಾಗ ಅವರೂ ಹೊರಟರು. ಉಳಿದವರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದರೂ ಕೋಟ್ನೀಸರು ಅಲ್ಲಿಯೇ ನಿಂತರು. ಉತ್ತರ ಚೀನದ ಹಳ್ಳಿಗಳ ನಡುವೆ, ಕೆನಡದ ಡಾ. ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ನಿರ್ದೇಶಕರಾದರು. ಅವರು ಚೀನೀ ಭಾಷೆಯನ್ನು ಮಾತನಾಡಲು ಮಾತ್ರವಲ್ಲ, ಓದಿ ಬರೆಯಲೂ ಕಲಿತರು. ಅದೇ ಭಾಷೆಯಲ್ಲಿ ಪಾಠ ಹೇಳಿದರು. ಅಲ್ಲಿಯ ಶುಶ್ರೂಷಾ ಶಿಕ್ಷಕಿ ಗುವೊ ಚಿಂಗ್‌ಲಾನರನ್ನು ಮದುವೆಯಾದರು. 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿನಲ್ಲಿ ಅಲ್ಲಿಯೇ ಮಡಿದರು. ಚೀನದ ಜನ ಅವರನ್ನು ಇಂದಿಗೂ ಸ್ಮರಿಸುತ್ತಾರೆ. ಆ ಸ್ಮರಣೆಗೆ ಅವರ ಶಸ್ತ್ರಚಿಕಿತ್ಸೆಯ ಕೌಶಲದಷ್ಟೇ ಅವರು ಕಲಿತ ಭಾಷೆಯೂ ಕಾರಣವೆಂದು ನನ್ನ ಭಾವನೆ.

ಅಭ್ಯಾಸ ಪಾಠದ ನೀತಿ

ನೈಟಿಂಗೇಲ್, ಕೆರ್, ಕೋಟ್ನೀಸರಂಥವರು ಕಲಿತು ಹೋದವರು, ವರ್ಷಗಟ್ಟಲೆ ನಿಂತವರು. ಇಂದಿನ ವಿದ್ಯಾರ್ಥಿನಿಯಾದರೋ ಇನ್ನೂ ಕಲಿಯುತ್ತಿರುವವಳು. ಕೆಲವೇ ವಾರಗಳಿಗೆ ಬರುವವಳು. ಅವಳ ಸ್ಥಾನವನ್ನು ಅರಿಯಲು ಶಿಕ್ಷಕ ತರಬೇತಿಯ ವ್ಯವಸ್ಥೆಯೊಡನೆ ಹೋಲಿಸಿ ನೋಡುವುದು ಉಪಯುಕ್ತ.

ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ನಮ್ಮನ್ನು ಅಭ್ಯಾಸ ಪಾಠಕ್ಕಾಗಿ ಸಮೀಪದ ಶಾಲೆಗಳಿಗೆ ಕಳುಹಿಸುತ್ತಿದ್ದರು. ಹಿಂದಿನ ದಿನವೇ ಪಾಠ ಟಿಪ್ಪಣಿ ಬರೆದು ಗುರುಗಳ ಸಹಿ ಪಡೆಯಬೇಕು. ತರಗತಿಯ ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಶಿಕ್ಷಕರು ಕುಳಿತಿರುತ್ತಾರೆ. ತಪ್ಪು ಲೆಕ್ಕ ಹಲಗೆಯ ಮೇಲೆ ಉಳಿಯದಂತೆ ನೋಡಿಕೊಳ್ಳುವುದು ಅವರ ಹೊಣೆ. ಪಾಠ ಮುಗಿದ ಮೇಲೆ ವಿಮರ್ಶೆ ನಡೆಯುತ್ತದೆ. ಈ ವ್ಯವಸ್ಥೆಯ ಹಿಂದಿನ ತತ್ತ್ವವೇನು? ಮಕ್ಕಳು ಕಲಿಯಲು ಬಂದವರೇ ಹೊರತು ನಮ್ಮ ಕೈ ಪಳಗಿಸಿಕೊಳ್ಳಲು ಸಿಕ್ಕ ಹಲಗೆಗಳಲ್ಲ. ಅವರ ನಲವತ್ತು ನಿಮಿಷ ನಮ್ಮಿಂದ ವ್ಯರ್ಥವಾಗಬಾರದು.

ತರಗತಿಯಲ್ಲಿ ವ್ಯರ್ಥವಾಗುವುದು ನಲವತ್ತು ನಿಮಿಷ ಮಾತ್ರ. ವಾರ್ಡಿನಲ್ಲಿ ಅಪಾಯಕ್ಕೊಳಗಾಗುವುದು ಒಂದು ಜೀವ. ಆದ್ದರಿಂದ ಶುಶ್ರೂಷಾ ವಿದ್ಯಾರ್ಥಿನಿಯ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿರಬೇಕು. ತನ್ನ ದೇಶದಲ್ಲಿ ಅವಳಿಗೆ ಮಾಡಲು ಅನುಮತಿಯಿಲ್ಲದ ಕೆಲಸವನ್ನು ಪರದೇಶದಲ್ಲಿಯೂ ಮಾಡಕೂಡದು. ಅಲ್ಲಿ ಹೆರಿಗೆ ಮಾಡಿಸಲು, ಗಾಯಕ್ಕೆ ಹೊಲಿಗೆ ಹಾಕಲು ಅಧಿಕಾರವಿಲ್ಲದವಳಿಗೆ ಇಲ್ಲಿ ಆ ಅಧಿಕಾರ ತಾನಾಗಿ ಬಾರದು. ಬಡವರ ಆಸ್ಪತ್ರೆ ಎಂಬ ಕಾರಣಕ್ಕೆ ನಿಯಮ ಸಡಿಲವಾಗುವುದಾದರೆ, ಬಡವರ ಮೈಗೆ ಬೆಲೆ ಕಡಿಮೆ ಎಂದು ಹೇಳಿದಂತಾಗುತ್ತದೆ. ಪರದೇಶಗಳಲ್ಲಿ ನಡೆಯುವ ಆರೋಗ್ಯ ತರಬೇತಿಗಾಗಿ ತಜ್ಞರ ಮಂಡಲಿಯೊಂದು 2010ರಲ್ಲಿ ನೀತಿಸೂತ್ರಗಳನ್ನು ಪ್ರಕಟಿಸಿತು. ಅದರ ಸಾರವೂ ಇಷ್ಟೇ: ಲಾಭ ಇಬ್ಬರಿಗೂ ಆಗಬೇಕು, ಅತಿಥಿಯನ್ನು ನೋಡಿಕೊಳ್ಳುವ ಖರ್ಚೂ ಶ್ರಮವೂ ಆತಿಥೇಯರ ತಲೆಯ ಮೇಲೆ ಬೀಳಬಾರದು, ವಿದ್ಯಾರ್ಥಿ ತನ್ನ ಅಳವನ್ನು ಮೀರಿ ಕೆಲಸ ಮಾಡಬಾರದು.

ಖರ್ಚು ಎಂದರೆ ಹಣ ಮಾತ್ರವೆಂದು ತಿಳಿಯಬಾರದು. ಮೂವತ್ತು ರೋಗಿಗಳನ್ನು ನೋಡಿಕೊಳ್ಳುತ್ತಿರುವ ಹಿರಿಯ ಸಿಸ್ಟರ್ ಒಬ್ಬರು ಹೊಸಬಳಿಗೆ ಔಷಧದ ಕಪಾಟನ್ನು ತೋರಿಸಬೇಕು, ರೋಗಿಯ ಮಾತನ್ನು ಅನುವಾದಿಸಿ ಹೇಳಬೇಕು, ಊಟ ವಸತಿಯನ್ನು ವಿಚಾರಿಸಬೇಕು. ಅಷ್ಟು ಹೊತ್ತು ಆ ಮೂವತ್ತು ಮಂಚಗಳು ಕಾಯುತ್ತವೆ. ಬಂದವಳು ಇದನ್ನು ಅರಿತು ಮೊದಲ ವಾರ ಹಾಸಿಗೆ ಹಾಸುವ, ತಾಪಮಾನ ನೋಡಿ ಬರೆಯುವ, ವೃದ್ಧರಿಗೆ ಗಂಜಿ ಕುಡಿಸುವ ಕೆಲಸಗಳನ್ನು ಬೇಸರವಿಲ್ಲದೆ ಮಾಡಿದರೆ ಆಗ ಸೇವೆ ಎಂಬ ಪದಕ್ಕೆ ಅರ್ಥ ಬರುತ್ತದೆ.

ಹಳ್ಳಿಯ ಆಸ್ಪತ್ರೆ ಕಲಿಸುವ ಪಾಠ

ಹಾಗಾದರೆ ಇಂಥ ಪ್ರವಾಸಗಳೇ ಬೇಡವೆಂದು ನನ್ನ ಅಭಿಪ್ರಾಯವೇ? ಖಂಡಿತ ಅಲ್ಲ. ಹಳ್ಳಿಯ ಆಸ್ಪತ್ರೆ ಒಂದು ದೊಡ್ಡ ವಿದ್ಯಾಲಯ. ಯಂತ್ರಗಳ ನಡುವೆ ಕಲಿತವರಿಗೆ ಅದು ಕಣ್ಣು, ಕಿವಿ, ಬೆರಳುಗಳನ್ನು ಮರಳಿ ಕೊಡುತ್ತದೆ.

ಒಂದು ಸರಳ ಉದಾಹರಣೆಯನ್ನು ನೋಡೋಣ. ಕೆಮ್ಮಿನಿಂದ ಬಳಲುವ ಕೂಸಿಗೆ ನ್ಯುಮೋನಿಯ ಆಗಿರಬಹುದೇ ಎಂದು ಶಂಕಿಸಲು ಎಲ್ಲ ವೇಳೆಯೂ ಎಕ್ಸ್‌ರೇ ಬೇಕಾಗಿಲ್ಲ. ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು. ಕೂಸು ಅಳದೆ ಶಾಂತವಾಗಿರುವಾಗ ಒಂದು ಪೂರ್ಣ ನಿಮಿಷ ಅದರ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಾದರೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಉಸಿರು ಕಂಡರೆ ಅದು ಅಪಾಯದ ಗುರುತು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಈ ಲೆಕ್ಕವನ್ನು ನಮ್ಮ ಆಶಾ ಕಾರ್ಯಕರ್ತೆಯರೂ ಕಲಿತಿದ್ದಾರೆ. ತಾಯಂದಿರೂ ಕಲಿಯಬಹುದು.

ಇನ್ನೊಂದು ಉದಾಹರಣೆ 1971ರದು. ಬಾಂಗ್ಲಾ ವಿಮೋಚನೆಯ ಕಾಲದಲ್ಲಿ ಬಂಗಾಳದ ಗಡಿಯೂರಾದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹರಡಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬೀಸರು ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಸಿದ್ಧಪಡಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ನಮ್ಮ ದವಾಖಾನೆಗಳಲ್ಲಿ ಇಂದು ಕೊಡುವ ಓ.ಆರ್.ಎಸ್. ಪೊಟ್ಟಣಕ್ಕೆ ಜಗತ್ತಿನ ನಂಬಿಕೆ ಗಳಿಸಿಕೊಟ್ಟ ಪ್ರಯೋಗಗಳಲ್ಲಿ ಅದು ಪ್ರಮುಖವಾದುದು. ಮಹಲನಬೀಸರು 2022ರಲ್ಲಿ ನಿಧನರಾದರು. ತಾಯಿಯ ಕೈಯೂ ಶುಶ್ರೂಷಕಿಯ ಕೈಯೇ ಎಂಬ ಪಾಠವನ್ನು ಜಗತ್ತು ಒಂದು ಗಡಿಯೂರಿನಲ್ಲಿ ಕಲಿಯಿತೆಂಬುದು ಗಡಿನಾಡಿನವರಾದ ನಮಗೆ ಹೆಮ್ಮೆಯ ವಿಷಯ.

ಹೊರದೇಶದ ವಿದ್ಯಾರ್ಥಿಗಳು ಬರುವ ಕೇಂದ್ರಗಳಲ್ಲಿ ಮಹಾರಾಷ್ಟ್ರದ ಜಾಮಖೇಡಕ್ಕೆ ವಿಶೇಷ ಸ್ಥಾನವಿದೆ. ವೇಲೂರಿನಲ್ಲಿ ಓದಿದ ವೈದ್ಯ ದಂಪತಿಗಳಾದ ರಜನೀಕಾಂತ ಆರೋಳೆ ಮತ್ತು ಮೇಬಲ್ ಆರೋಳೆ 1970ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. ಪ್ರತಿ ಹಳ್ಳಿಯವರೂ ತಮ್ಮಲ್ಲಿಯೇ ಒಬ್ಬ ಮಹಿಳೆಯನ್ನು ಆರಿಸಿ ಕಳುಹಿಸಬೇಕು. ಅವಳು ಆರೋಗ್ಯದ ಪಾಠ ಕಲಿತು ಊರಿಗೆ ಮರಳಿ ಕೆಲಸ ಮಾಡಬೇಕು ಎಂಬುದು ಅವರ ಕ್ರಮ. ಆ ಮಹಿಳೆಯರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ಅನೇಕರು ದಲಿತ ಕೇರಿಯವರು. 1971ರಲ್ಲಿ ಅಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 176 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1976ರ ಹೊತ್ತಿಗೆ ಆ ಸಂಖ್ಯೆ 52ಕ್ಕೆ ಇಳಿಯಿತು. ಆರೋಳೆ ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಅಲ್ಲಿಗೆ ಬರುವ ಪರದೇಶದ ವಿದ್ಯಾರ್ಥಿಗಳಿಗೆ ಪಾಠ ಹೇಳುವವರಲ್ಲಿ ಈ ಹಳ್ಳಿಯ ಮಹಿಳೆಯರೂ ಇರುತ್ತಾರೆ. ಅಕ್ಷರ ಬಾರದಿದ್ದ ಅವ್ವನೆದುರು ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ನೆಲದ ಮೇಲೆ ಕುಳಿತು ಕಲಿಯುವುದು ಜಾಮಖೇಡದ ಕೊಡುಗೆ.

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ನಿದರ್ಶನ ಹೆಗ್ಗಡದೇವನಕೋಟೆಯ ಕಡೆಯದು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರು ಗೆಳೆಯರೊಡನೆ 1984ರಲ್ಲಿ ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಾಡಂಚಿನ ಗಿರಿಜನರ ನಡುವೆ ಚಿಕಿತ್ಸಾಲಯಗಳನ್ನು ತೆರೆಯಿತು. ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆರೋಗ್ಯ ವಿಷಯವನ್ನು ಅಭ್ಯಸಿಸಲು ಈ ಸಂಸ್ಥೆಗೆ ಬಂದಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಗಿರಿಜನ ಹೆಣ್ಣುಮಕ್ಕಳಿಗೇ ಸಹಾಯಕ ಶುಶ್ರೂಷಕಿಯ ತರಬೇತಿ ಕೊಟ್ಟು ಅವರ ಜನರ ನಡುವೆಯೇ ಕೆಲಸಕ್ಕೆ ಅಣಿಗೊಳಿಸಿತು. ಎಲ್ಲಿಂದಲೋ ಬಂದವಳು ವರ್ಷದ ಕೊನೆಗೆ ವರ್ಗಾವಣೆ ಕೇಳಬಹುದು. ಹಾಡಿಯ ಮಗಳಿಗೆ ಹಾಡಿಯೇ ಮನೆ.

ಮಾತೇ ಮೊದಲ ಮದ್ದು

ಇಷ್ಟೂ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ರೋಗಿಯ ಮಾತು ತಿಳಿದವರ ಕೈಗೆ ಬಲ ಹೆಚ್ಚು. ಈ ಸತ್ಯವನ್ನು ಅರಿಯಲು ನಾವು ಚೀನಕ್ಕೆ ಹೋಗಬೇಕಾಗಿಲ್ಲ.

1956ರ ನವೆಂಬರ್ 1ಕ್ಕೆ ಮೊದಲು ನಾರಾಯಣಖೇಡ, ಜಹೀರಾಬಾದ್ ತಾಲೂಕುಗಳು ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಭಾಗಗಳು ಆಂಧ್ರಪ್ರದೇಶಕ್ಕೆ ಬಂದವು, 2014ರಿಂದ ತೆಲಂಗಾಣದಲ್ಲಿವೆ. ಗಡಿಯ ಗೆರೆ ಸರಿದರೂ ಜನರ ನಾಲಗೆ ಸರಿಯಲಿಲ್ಲ. ಕನ್ನಡ, ತೆಲುಗು, ದಖನಿ ಉರ್ದು, ಮರಾಠಿ, ತಾಂಡಾಗಳ ಲಂಬಾಣಿ ಇವೆಲ್ಲ ಒಂದೇ ಸಂತೆಯಲ್ಲಿ ಕೇಳಿಬರುವ ನಾಡು ನಮ್ಮದು. ಸಂತೆಯಲ್ಲಿ ಇದರಿಂದ ತೊಂದರೆಯಿಲ್ಲ. ಕೈಸನ್ನೆಯಿಂದಲೂ ತೊಗರಿ ಮಾರಬಹುದು. ಆದರೆ ಎದೆನೋವನ್ನು ಕೈಸನ್ನೆಯಿಂದ ಹೇಳುವುದು ಕಷ್ಟ.

ನಮ್ಮ ಊರಿನ ಮುದುಕಿಯೊಬ್ಬಳು ‘ಹೊಟ್ಟಿ ಕಡ್ಲತ್ತದ’ ಎಂದರೆ ಹೊಟ್ಟೆ ನೋಯುತ್ತಿದೆ ಎಂದರ್ಥ. ಅವಳೇ ‘ಮೈ ಕಡ್ಲತ್ತದ’ ಎಂದರೆ ಮೈ ತುರಿಸುತ್ತಿದೆ ಎಂದರ್ಥ. ಕ್ರಿಯಾಪದ ಒಂದೇ, ರೋಗ ಬೇರೆ, ಮದ್ದು ಬೇರೆ. ‘ಉರಿ ಬಂದಾವ’ ಎಂದರೆ ಜ್ವರ. ಪುಸ್ತಕದ ಕನ್ನಡ ಮಾತ್ರ ಬಲ್ಲವರು ಅದನ್ನು ಚರ್ಮದ ಉರಿಯೆಂದು ಬರೆದುಕೊಂಡಾರು. ‘ಸೊಸಿ ಹೊಟ್ಟಿಲೆ ಅದಾಳ’ ಎಂದರೆ ಗರ್ಭಿಣಿ. ‘ಹೊರಗಾಗ್ಯಾಳ’ ಎಂದರೆ ಮುಟ್ಟಾಗಿದ್ದಾಳೆ. ಈ ಮಾತುಗಳನ್ನು ಗಂಡಸರ ಮುಂದೆ ಬಿಡಿಸಿ ಹೇಳಲು ನಮ್ಮ ಹೆಣ್ಣುಮಕ್ಕಳು ನಾಚುತ್ತಾರೆ. ನಡುವೆ ಅನುವಾದಕ್ಕೆ ನಿಂತವನು ಮೈದುನನೋ ನೆರೆಮನೆಯ ಹುಡುಗನೋ ಆದರೆ ಅರ್ಧ ರೋಗ ಹೇಳದೆಯೇ ಉಳಿಯುತ್ತದೆ. ಪರದೇಶದಿಂದ ಬಂದ ವಿದ್ಯಾರ್ಥಿನಿಗೂ, ಪಕ್ಕದ ಜಿಲ್ಲೆಯಿಂದ ಬಂದ ಸಿಸ್ಟರಿಗೂ ಈ ಅಡಚಣೆ ಒಂದೇ ತೆರನಾದುದು.

ಕಳೆದ ವರ್ಷ ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳಿಗೆ ಭಾಷಾ ಚಟುವಟಿಕೆಯಾಗಿ ಒಂದು ಕೆಲಸ ಕೊಡಲಾಯಿತು. ಅಜ್ಜಿ, ಅವ್ವ, ಕಕ್ಕಿಯರನ್ನು ಕೇಳಿ ನೋವು ಬೇನೆಗಳ ಮಾತುಗಳನ್ನು ಸಂಗ್ರಹಿಸಬೇಕು. ಎದುರಿಗೆ ಅದರ ತೆಲುಗು, ಉರ್ದು, ಲಂಬಾಣಿ ರೂಪಗಳನ್ನು ಬರೆಯಬೇಕು. ನೂರಕ್ಕೂ ಹೆಚ್ಚು ಮಾತುಗಳು ಬಂದವು. ತಾಂಡಾದಿಂದ ಬರುವ ಹುಡುಗಿ, ಸಾಮಾನ್ಯವಾಗಿ ತರಗತಿಯಲ್ಲಿ ಬಾಯಿ ಬಿಡದವಳು, ಅಂದು ಲಂಬಾಣಿ ಸಾಲನ್ನು ತಾನೊಬ್ಬಳೇ ತುಂಬಿಸಿದಳು. ಪಟ್ಟಿಯ ಪ್ರತಿಯೊಂದನ್ನು ಸಮೀಪದ ಆರೋಗ್ಯ ಕೇಂದ್ರಕ್ಕೆ ಕೊಟ್ಟೆವು. ಅಲ್ಲಿಯ ಸಿಸ್ಟರ್ ಅದನ್ನು ಗೋಡೆಗೆ ಅಂಟಿಸಿದ್ದಾರೆ. ದೊಡ್ಡ ಸಾಧನೆಯೆಂದು ಇದನ್ನು ಹೇಳುತ್ತಿಲ್ಲ. ಒಂದು ಕಾಗದದ ಹಾಳೆಯಿಂದ ಆಗಬಹುದಾದ ಕೆಲಸವೆಂದು ಹೇಳುತ್ತಿದ್ದೇನೆ.

ಹೊರಡುವ ಮುನ್ನ ಕೇಳಬೇಕಾದುದು

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಅವಳ ತಂದೆ ನಾರಾಯಣಖೇಡದ ಕಡೆಯ ಸಣ್ಣ ರೈತರು. ಪರದೇಶದ ಆಸ್ಪತ್ರೆಯಲ್ಲಿ ಮೂರು ವಾರ ಸ್ವಯಂಸೇವೆ, ಕೊನೆಗೆ ಪ್ರಮಾಣಪತ್ರ ಎಂದು ಮಧ್ಯಸ್ಥನೊಬ್ಬ ಕೊಟ್ಟ ಬಣ್ಣದ ಕಾಗದವನ್ನು ಹಿಡಿದು ಅವರು ಶಾಲೆಗೆ ಬಂದರು. ವಿಮಾನದ ಖರ್ಚು ಬೇರೆ, ನೋಂದಣಿ ಶುಲ್ಕ ಬೇರೆ. ‘ಮಾಸ್ತರ್ರ, ಸೇವಾ ಮಾಡ್ಲಿಕ್ಕೂ ರೊಕ್ಕಾ ಕಟ್ಟಬೇಕೇನ್ರಿ?’ ಎಂದು ಅವರು ಕೇಳಿದರು. ಓದಿದವರು ಕೇಳದ ಪ್ರಶ್ನೆಯನ್ನು ಅವರು ಕೇಳಿದ್ದರು. ಎರಡೆಕರೆ ಹೊಲದ ಮೇಲೆ ಸಾಲ ತೆಗೆಯುವ ಯೋಚನೆ ಅವರದಾಗಿತ್ತು.

ಆ ಕಾಗದದಲ್ಲಿ ಆಸ್ಪತ್ರೆಯ ಹೆಸರೇ ಇರಲಿಲ್ಲ. ಮೇಲ್ವಿಚಾರಕರು ಯಾರೆಂಬುದೂ ಇರಲಿಲ್ಲ. ಕಡಲ ದಂಡೆ, ಬೆಟ್ಟದ ಚಿತ್ರಗಳು ಮಾತ್ರ ಇದ್ದವು. ತಂದೆ ಮಗಳು ಇಬ್ಬರೂ ಕುಳಿತು ವಿಚಾರ ಮಾಡಿ ಆ ಯೋಚನೆಯನ್ನು ಕೈಬಿಟ್ಟರು. ರಜೆಯಲ್ಲಿ ಅವಳು ತನ್ನ ಕಾಲೇಜಿನ ಪತ್ರದೊಡನೆ ತನ್ನೂರಿನ ಸಮೀಪದ ಆರೋಗ್ಯ ಕೇಂದ್ರದಲ್ಲಿ, ಅಲ್ಲಿಯ ಸಿಸ್ಟರ್ ಕೈಕೆಳಗೆ ಮೂರು ವಾರ ಕೆಲಸ ಕಲಿತಳು. ಹೊಲ ಹೊಲವಾಗಿಯೇ ಉಳಿಯಿತು.

ಇಂಥ ಕರೆ ಬಂದ ಪ್ರತಿಯೊಂದು ಮನೆಯೂ ಹೊರಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಕರೆದವರು ಆಸ್ಪತ್ರೆಯವರೋ ಮಧ್ಯಸ್ಥರೋ? ಆಸ್ಪತ್ರೆಯವರು ತಾವೇ ಬರೆದ ಪತ್ರ ಇದೆಯೇ? ಓದುತ್ತಿರುವ ಕಾಲೇಜಿನ ಒಪ್ಪಿಗೆ ಇದೆಯೇ? ಅಲ್ಲಿ ಕೈಹಿಡಿದು ಕಲಿಸುವ ಹಿರಿಯ ಶುಶ್ರೂಷಕಿ ಯಾರು? ಯಾವ ಕೆಲಸ ಮಾಡಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಬರವಣಿಗೆಯಲ್ಲಿದೆಯೇ? ಕಟ್ಟುವ ಹಣದಲ್ಲಿ ಆಸ್ಪತ್ರೆಗೆ ಸೇರುವುದು ಎಷ್ಟು? ಅಲ್ಲಿಯ ಭಾಷೆಯನ್ನು ಸ್ವಲ್ಪವಾದರೂ ಕಲಿಯಲು ಕಾಲಾವಕಾಶ ಇದೆಯೇ? ನಾವು ಬಂದ ಮೇಲೆ ಅಲ್ಲಿ ಏನು ಉಳಿಯುತ್ತದೆ? ಕೊನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ ಅದು ಪ್ರವಾಸವೇ ಹೊರತು ಸೇವೆಯಲ್ಲ. ಪ್ರವಾಸ ಮಾಡುವುದು ತಪ್ಪಲ್ಲ. ಆದರೆ ಅದನ್ನು ಸೇವೆಯೆಂದು ಕರೆಯುವುದು ಸರಿಯಲ್ಲ.

ಶರೀರದ ರಕ್ಷಣೆಯನ್ನೂ ಮರೆಯಬಾರದು. ಕಾಮಾಲೆಯ ‘ಬಿ’ ಬಗೆಯ ಸೋಂಕಿಗೆ ಹಾಗೂ ಧನುರ್ವಾತಕ್ಕೆ ಲಸಿಕೆಗಳನ್ನು ಮೊದಲೇ ಹಾಕಿಸಿಕೊಂಡಿರಬೇಕು. ಕೋಟ್ನೀಸರು ಕೆಲಸ ಮಾಡಿದ ಆಸ್ಪತ್ರೆಗೆ ಯಾರ ಹೆಸರಿದೆಯೋ ಆ ಬೆಥೂನರು 1939ರಲ್ಲಿ ಸತ್ತದ್ದು ಗುಂಡೇಟಿನಿಂದಲ್ಲ. ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗೆ ಆದ ಗಾಯಕ್ಕೆ ನಂಜೇರಿ. ಇನ್ನೊಂದು ಮಾತು: ನರಳುತ್ತಿರುವವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದು ಊರವರಿಗೆಲ್ಲ ತೋರಿಸುವುದು ಸಭ್ಯತೆಯಲ್ಲ. ನಮ್ಮ ತಾಯಿ ಜ್ವರದಲ್ಲಿ ಮಲಗಿರುವಾಗ ಅಪರಿಚಿತರು ಚಿತ್ರ ತೆಗೆದರೆ ನಮಗೆ ಹೇಗನಿಸುತ್ತದೆಂದು ಯೋಚಿಸಿದರೆ ಸಾಕು.

ನಮ್ಮ ಪಾಲಿನ ಕೆಲಸ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ ಆಗ ಸುಮಾರು 2 ಕೋಟಿ 79 ಲಕ್ಷ ಶುಶ್ರೂಷಕರಿದ್ದರು. ಇನ್ನೂ 59 ಲಕ್ಷ ಮಂದಿಯ ಕೊರತೆಯಿತ್ತು. ಆ ಕೊರತೆಯಲ್ಲಿ ನೂರಕ್ಕೆ 89 ಪಾಲು ಬಡ ಹಾಗೂ ಕೆಳಮಧ್ಯಮ ವರಮಾನದ ದೇಶಗಳದ್ದು. ನಮ್ಮ ಮಕ್ಕಳು ಕೊಲ್ಲಿ ದೇಶಗಳಿಗೂ ಇಂಗ್ಲೆಂಡಿಗೂ ನೌಕರಿಗೆ ಹೋಗುತ್ತಾರೆ; ಶ್ರೀಮಂತ ದೇಶದ ವಿದ್ಯಾರ್ಥಿಗಳು ನಮ್ಮ ಹಳ್ಳಿಗೆ ಕೆಲವು ವಾರ ಬರುತ್ತಾರೆ. ಹೋಗುವವರನ್ನು ತಡೆಯಬೇಕಾಗಿಲ್ಲ, ಅವರ ದುಡಿಮೆಯಿಂದ ಎಷ್ಟೋ ಮನೆಗಳ ಸಾಲ ತೀರಿದೆ. ಆದರೆ ಕೆಲವು ವಾರಗಳ ಅತಿಥಿಯಿಂದ ಈ ಕೊರತೆ ತುಂಬುವುದಿಲ್ಲ ಎಂಬುದೂ ಅಷ್ಟೇ ನಿಜ. ತುಂಬಬೇಕಾದರೆ ಇಲ್ಲಿಯ ಕೈಗಳೇ ತಯಾರಾಗಬೇಕು.

ಆ ಕೈಗಳು ನಮ್ಮ ಮನೆಗಳಲ್ಲಿವೆ. ಸಹಾಯಕ ಶುಶ್ರೂಷಕಿಯ ಶಿಕ್ಷಣ ಎರಡು ವರ್ಷ, ಜನರಲ್ ನರ್ಸಿಂಗ್ ಮೂರು ವರ್ಷ, ಪದವಿ ನಾಲ್ಕು ವರ್ಷ. ಎಲ್ಲಕ್ಕೂ ಹನ್ನೆರಡನೆಯ ತರಗತಿ ಮುಗಿದಿರಬೇಕು. ಪದವಿಗೆ ವಿಜ್ಞಾನವೂ ಬೇಕು. ನಮ್ಮ ಗಡಿಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಹುಡುಗಿಯರು ಹತ್ತನೆಯ ತರಗತಿಗೇ ಓದು ಬಿಡುವುದನ್ನು ವರ್ಷವರ್ಷವೂ ಕಾಣುತ್ತಿದ್ದೇನೆ. ಕಾಲೇಜು ದೂರ, ಇಂಗ್ಲಿಷಿನ ಭಯ, ಮದುವೆಯ ಅವಸರ ಎಂಬ ಮೂರು ಕಾರಣಗಳನ್ನು ಮನೆಯವರು ಹೇಳುತ್ತಾರೆ. ನಮ್ಮ ಹುಡುಗಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು ಆಡುತ್ತಾಳೆಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವ ಪರದೇಶದ ವಿಶ್ವವಿದ್ಯಾಲಯವೂ ಕೆಲವು ವಾರಗಳಲ್ಲಿ ಕಲಿಸಲಾರದ ವಿದ್ಯೆ ಅದು. ನಾಲ್ಕನೆಯ ಭಾಷೆಯಾಗಿ ಇಂಗ್ಲಿಷನ್ನು ಕಲಿಯುವುದು ಮೂರು ಬಲ್ಲವಳಿಗೆ ಅಸಾಧ್ಯವಲ್ಲ. ಕಲಿಸುವ ಹೊಣೆ ನಮ್ಮಂಥ ಶಿಕ್ಷಕರದು, ಕಳುಹಿಸುವ ಹೊಣೆ ತಂದೆತಾಯಿಗಳದು.

ಪರದೇಶದ ವಿದ್ಯಾರ್ಥಿನಿಯೊಬ್ಬಳು ನಮ್ಮ ಭಾಗದ ದವಾಖಾನೆಗೆ ಎಂದಾದರೂ ಬಂದರೆ ಅವಳನ್ನು ಆದರದಿಂದ ಕಾಣೋಣ. ರೊಟ್ಟಿ, ತೊಗರಿಬೇಳೆಯ ಊಟ ಹಾಕೋಣ. ‘ಎಲ್ಲಿ ನೋಯ್ಲತ್ತದ, ಅವ್ವಾ?’ ಎಂಬ ಒಂದು ಮಾತನ್ನು ಮೊದಲ ದಿನವೇ ಕಲಿಸೋಣ. ಅವಳು ತನ್ನ ದೇಶಕ್ಕೆ ಹೊತ್ತೊಯ್ಯುವ ಬುತ್ತಿಯಲ್ಲಿ ಅದೇ ಬಹುಕಾಲ ಕೆಡದೆ ಉಳಿಯುವಂಥದು. ಅವಳು ಹೋದ ಮರುದಿನ ಆ ವಾರ್ಡಿನಲ್ಲಿ ಅದೇ ಪ್ರಶ್ನೆಯನ್ನು ಕೇಳುವವಳು, ಉತ್ತರವನ್ನು ಕೂಡಲೇ ಅರ್ಥಮಾಡಿಕೊಳ್ಳುವವಳು ನಮ್ಮ ಊರಿನ ಮಗಳಾಗಿರಬೇಕು. ಈ ವರ್ಷ ಹತ್ತನೆಯ ತರಗತಿ ಮುಗಿಸುವ ಹುಡುಗಿ ಯಾರ ಮನೆಯಲ್ಲಿದ್ದಾಳೋ ಅವರು ಮದುವೆಯ ಮಾತನ್ನು ತೆಗೆಯುವ ಮೊದಲು ಒಮ್ಮೆ ಅವಳ ಶಾಲೆಯ ಗುರುಗಳನ್ನು ಕಂಡು ವಿಚಾರಿಸಬೇಕೆಂದು ವಿನಂತಿ.